ಎದೆಗುಂದಿದ್ದು ಯಾರು ಸ್ವಾಮಿ?

ಮಾನ್ಯ ಸಂಪಾದಕರೇ,

ಬುಧವಾರದ ನಿಮ್ಮ ಪತ್ರಿಕೆಯಲ್ಲಿ ‘ಸಿಬ್ಬಂದಿಯ ನೈತಿಕ ಸ್ಥೈರ್ಯ ಕುಗ್ಗಿಸಬೇಡಿ’ ಎಂಬ ಸುದ್ದಿ ಓದಿದೆ. ಅದರಲ್ಲಿ ‘ಏರುದನಿಯಲ್ಲಿ ಮಾತನಾಡಿದ ಹಿರಿಯ ನಾಗರಿಕರೊಬ್ಬರು’ ಅಂತ ಇದೆಯಲ್ಲ, ಅದು ನಾನೇ. ಕಚೇರಿ ಯಾವುದು ಅಂತ ನಿಮ್ಮ ವರದಿಯಲ್ಲೇ ಇದೆ, ನಾನು ಬೇರೆ ಹೆಸರು ಹೇಳುವುದಿಲ್ಲ. ಸೋಮವಾರ ಮತ್ತೆ ಅಲ್ಲಿಗೇ ಹೋಗಬೇಕಲ್ಲ.

ನಾನು ಮಾಡಿದ ಗಲಾಟೆ ಇಷ್ಟೇ. ಪಹಣಿಯಲ್ಲಿ ನಮ್ಮ ಅಪ್ಪನ ಹೆಸರಿನ ಕೊನೆಯ ‘ಪ್ಪ’ ಹೋಗಿ ‘ಮ್ಮ’ ಆಗಿ ಕೂತಿದೆ. ದಾಖಲೆ ಪ್ರಕಾರ ಈಗ ನನಗೆ ಇಬ್ಬರು ತಾಯಂದಿರು, ತಂದೆ ಇಲ್ಲ. ಅಪ್ಪ ಬದುಕಿದ್ದಿದ್ದರೆ ಶಕ್ತಿ ಯೋಜನೆಯಲ್ಲಿ ಬಸ್ಸಾದರೂ ಫ್ರೀ ಆಗುತ್ತಿತ್ತು. ಈ ಒಂದಕ್ಷರ ತಿದ್ದಿಸಲು ಏಳು ಸಲ ಅಲೆದಿದ್ದೇನೆ. ಒಮ್ಮೆ ಸರ್ವರ್ ಇರಲಿಲ್ಲ. ಒಮ್ಮೆ ಸರ್ವರ್ ಇತ್ತು, ಸಾಹೇಬರು ಇರಲಿಲ್ಲ. ಇನ್ನೊಮ್ಮೆ ಇಬ್ಬರೂ ಇದ್ದರು, ಕರೆಂಟ್ ಇರಲಿಲ್ಲ. ಮಂಡಿನೋವು ಇಟ್ಟುಕೊಂಡು ಮಹಡಿ ಮೆಟ್ಟಿಲು ಹತ್ತಿದ್ದು, ಅರ್ಜಿ ಜೊತೆ ಕೊಟ್ಟ ಜೆರಾಕ್ಸ್ ಕಳೆದುಹೋಗಿದೆ ಅಂತ ಮತ್ತೆ ಜೆರಾಕ್ಸ್ ಮಾಡಿಸಿದ್ದು ಇದೆಲ್ಲ ಬಿಡಿ. ಏಳನೇ ಸಲ ‘ಏನಪ್ಪಾ, ಒಂದು ಪ್ಪ ಒತ್ತೋಕೆ ಎಷ್ಟು ತಿಂಗಳು ಬೇಕು?’ ಅಂತ ಸ್ವಲ್ಪ ಜೋರಾಗಿ ಕೇಳಿದೆ. ಅದಕ್ಕೆ ಬಂದ ಉತ್ತರ: ‘ಮೇಷ್ಟ್ರೇ, ನೀವು ಹಿಂಗೆಲ್ಲ ಮಾತಾಡಿ ಸ್ಟಾಫ್‌ನ ಡಿಮಾರಲೈಸ್ ಮಾಡ್ತಿದೀರ.’

ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಅದಕ್ಕೇ ಈ ಪದದ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮರುದಿನ ಆ ಕೌಂಟರಿನ ಗಾಜಿಗೆ ಒಂದು ಹಾಳೆ ಅಂಟಿಸಿದ್ದಾರೆ. ‘ಸಾರ್ವಜನಿಕರು ಡಿಮಾರಲೈಸ್ ಆಗತಕ್ಕದ್ದಲ್ಲ. ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’ ಹೋಗಿ ನೋಡಿ, ಬ್ರೌನ್ ಟೇಪಿನಲ್ಲಿ ನಾಲ್ಕೂ ಮೂಲೆ ಭದ್ರ ಮಾಡಿದ್ದಾರೆ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಕರ್ಮ ಬೇಕು. ಒಬ್ಬರು ಇನ್ನೊಬ್ಬರನ್ನು ಎದೆಗುಂದಿಸುವುದು ಅದು. ಕನ್ನಡಕ್ಕೆ ಎತ್ತಿಕೊಂಡಾಗ ನಾವು ‘ಮಾಡು’ ಸೇರಿಸಿದರೆ ಎದೆಗುಂದಿಸು, ‘ಆಗು’ ಸೇರಿಸಿದರೆ ಎದೆಗುಂದು. ಅಂದರೆ ಆ ಹಾಳೆಯ ಪ್ರಕಾರ ಜನ ಎದೆಗುಂದಬಾರದು, ಕುಂದಿದರೆ ಕೇಸು! ಏಳು ಸಲ ಅಲೆಸಿದ ಮೇಲೂ ನಗುನಗುತ್ತಾ ಹೋಗಬೇಕು. ಬರೆದವರು ನನ್ನ ಶಿಷ್ಯರೇ ಆಗಿದ್ದರೆ ಆ ತಪ್ಪು ನನ್ನ ತಲೆಗಿರಲಿ.

ಇನ್ನೊಂದು ವಿಷಯ. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ ಅಂತ ಒಬ್ಬರಿದ್ದರು, 1828ರಲ್ಲಿ ದೊಡ್ಡ ನಿಘಂಟು ತಂದವರು. ಇಂಗ್ಲಿಷಿಗೆ ನಾನಾಗಿ ಸೇರಿಸಿದ ಪದ ಈ ‘ಡಿಮಾರಲೈಸ್’ ಒಂದೇ ಅಂತ ಅವರು ಹೇಳಿಕೊಂಡಿದ್ದರು. ಫ್ರಾನ್ಸಿನ ಕ್ರಾಂತಿಯ ಬಗ್ಗೆ 1794ರಲ್ಲಿ ಬರೆದ ಒಂದು ಸಣ್ಣ ಪುಸ್ತಕದಲ್ಲಿ ಬಳಸಿದ್ದರು. ಫ್ರೆಂಚರ ಬಳಿ ಆಗಲೇ ಅಂಥದೇ ಪದ ಇತ್ತು, ಅದು ಬೇರೆ ಮಾತು. ಆಗ ಅದರ ಅರ್ಥ ಏನು ಗೊತ್ತಾ? ನೀತಿಗೆಡಿಸು, ನಡತೆ ಕೆಡಿಸು. ಸೈನ್ಯದ ಧೈರ್ಯ ಕುಗ್ಗಿಸು, ಜನರ ಹುಮ್ಮಸ್ಸು ಇಳಿಸು ಅನ್ನುವ ಅರ್ಥ ಬಂದಿದ್ದು ಆಮೇಲೆ, 19ನೇ ಶತಮಾನದಲ್ಲಿ. ಹಳೆಯ ಅರ್ಥದಲ್ಲಿ ನೋಡಿದರೆ ಆ ಕಚೇರಿಯನ್ನು ನಾನು ಹೊಸದಾಗಿ ಡಿಮಾರಲೈಸ್ ಮಾಡುವುದಕ್ಕೆ ಏನೂ ಉಳಿದಿಲ್ಲ ಅನಿಸುತ್ತದೆ.

ನಿಮ್ಮದೂ ತಪ್ಪಿದೆ ಸಂಪಾದಕರೇ. ‘ನೈತಿಕ ಸ್ಥೈರ್ಯ’ ಅಂತ ದಿನಾ ಅಚ್ಚು ಹಾಕುತ್ತೀರಿ. ಮಾರಲ್ ಅಂದರೆ ನೀತಿ. ಮೊರಾಲ್ ಅಂದರೆ ಹುರುಪು, ಎದೆಗಟ್ಟಿತನ. ಇಂಗ್ಲಿಷಿನಲ್ಲಿ ಕೊನೆಗೊಂದು ಅಕ್ಷರ ಜಾಸ್ತಿ, ಅಷ್ಟೇ ವ್ಯತ್ಯಾಸ. ಆ ಒಂದಕ್ಷರ ನೋಡದೆ ಯಾರೋ ‘ನೈತಿಕ’ ಅಂದರು, ಎಲ್ಲರೂ ಅದನ್ನೇ ಹಿಡಿದುಕೊಂಡರು. ಮನೋಬಲ ಅನ್ನಿ, ಎದೆಗುಂದು, ಕಂಗೆಡು, ಧೃತಿಗೆಡು ಅನ್ನಿ. ಪದಗಳಿಗೇನು ಬರವೇ? ಇಲ್ಲೂ ಒಂದಕ್ಷರದ ಕಥೆಯೇ, ನಮ್ಮ ಅಪ್ಪನ ಹಾಗೆ.

ಎದೆಗುಂದುವುದು ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಪಾಠ ಬೇಕಿಲ್ಲ. ಆಲೂಗಡ್ಡೆಗೆ ಅಂಗಮಾರಿ ಬಿದ್ದ ವರ್ಷ ನಮ್ಮ ತಮ್ಮ ಬದುವಿನ ಮೇಲೆ ಕೂತು ಗಿಡವೊಂದನ್ನು ಕಿತ್ತು ನೋಡಿದ. ಎಲೆಯೆಲ್ಲ ಸುಟ್ಟ ಹಾಗೆ ಕಪ್ಪಗಿತ್ತು. ಕೊಳೆತ ಗಡ್ಡೆ ಬೆರಳಿಗೆ ಮೆತ್ತಿಕೊಂಡಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ, ಹಾಗೇ ಕೂತಿದ್ದ. ಪರಿಹಾರಕ್ಕೆ ಓಡಾಡಿದಾಗ ‘ಫೋಟೊ ಸರಿಯಾಗಿ ಬಂದಿಲ್ಲ, ಮತ್ತೆ ತೆಗೆದುಕೊಂಡು ಬನ್ನಿ’ ಅಂದರು. ಅಷ್ಟರಲ್ಲಿ ಹೊಲ ಉತ್ತಾಗಿತ್ತು. ಆಗ ಅವನ ಮನೋಬಲದ ಬಗ್ಗೆ ಯಾವ ಕೌಂಟರಿಗೂ ಯಾರೂ ಹಾಳೆ ಅಂಟಿಸಲಿಲ್ಲ. ಹಾಸನಾಂಬ ಬಾಗಿಲು ತೆರೆದರಂತೂ ಮುಗಿಯಿತು, ಯಾರನ್ನು ಕೇಳಿದರೂ ‘ದೇವಸ್ಥಾನದ ಡ್ಯೂಟಿ’. ಬಾಗಿಲು ಹಾಕಿ ತಿಂಗಳಾದರೂ ಕೆಲವರ ಡ್ಯೂಟಿ ಮುಗಿಯುವುದಿಲ್ಲ. ತಾಯಿಯೇ ನೋಡಿಕೊಳ್ಳಬೇಕು. ಹಿಂದೆ ಒಬ್ಬ ಸಾಹೇಬರಿದ್ದರು, ಅರ್ಜಿ ಮೇಲೆ ಕಾಫಿ ಲೋಟ ಇಡುತ್ತಿದ್ದರು. ಅವರೇ ವಾಸಿ, ಲೋಟ ಎತ್ತಿದಾಗಲಾದರೂ ಅರ್ಜಿ ಕಣ್ಣಿಗೆ ಬೀಳುತ್ತಿತ್ತು.

ಸಂಬಂಧಪಟ್ಟವರು ಕೂಡಲೇ ಆ ‘ಪ್ಪ’ ಸರಿ ಮಾಡಿಕೊಡಬೇಕು. ಅದು ಆಗದಿದ್ದರೆ ಆ ಹಾಳೆಯನ್ನಾದರೂ ಕಿತ್ತು ಹಾಕಬೇಕು. ಕೀಳುವುದಕ್ಕೂ ಸರ್ವರ್ ಬೇಕು ಅನ್ನುವುದಾದರೆ ‘ಆಗ’ ಅನ್ನುವುದನ್ನು ಹೊಡೆದು ‘ಮಾಡ’ ಅಂತಾದರೂ ಬರೆಯಲಿ, ಪೆನ್ನು ನಾನೇ ಕೊಡುತ್ತೇನೆ. ಏನಾದರೂ ಒಂದು ಮಾಡಿ ಸ್ವಾಮಿ, ಸಂಬಳ ತಗೊಳ್ತೀರಲ್ವಾ!

– ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಹಾಸನ