ಉದ್ರಿ ಬಾಕಿಯ ಬಗ್ಗೆ ಮಗಳಿಗೆ

ಚಿ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಅಂಗಡಿ ಲೆಕ್ಕ ನೋಡಿದೆ. ವ್ಯಾಪಾರ ಚೆನ್ನಾಗಿ ನಡೆದಿದೆ, ಖುಷಿ ಆಯಿತು. ಆದರೆ 12 ಲಕ್ಷ ಉದ್ರಿ ಬಾಕಿ ಅಷ್ಟೂ ಬಂದೇ ಬರುತ್ತದೆ ಅಂತ ಹಿಡಿದು ಲಾಭ ತೆಗೆದಿದ್ದೀಯ. ಅದು ಸರಿಯಲ್ಲ.

ಸಿಂಧನೂರಿನಲ್ಲಿ ಗೊಬ್ಬರ, ಔಷಧಿ ಅಂಗಡಿ ಇಟ್ಟ ಮೇಲೆ ಉದ್ರಿ ಕೊಡಲೇಬೇಕು. ನಾಟಿ ಹೊತ್ತಿಗೆ ಒಯ್ದ ಗೊಬ್ಬರದ ದುಡ್ಡು ಭತ್ತ ಮಾರಿದ ಮೇಲೇ ಬರುವುದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋಯಿತಲ್ಲ, ಆಗ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಅಂತ ಕಾಲುವೆ ಉದ್ದಕ್ಕೂ ರೈತರು ಕಂಗಾಲಾಗಿದ್ದರು. ರೈತನ ನೀರು ಹೋದರೆ ನಿನ್ನ ಬಾಕಿಯೂ ಹೋದಂತೆಯೇ ಅಲ್ವಾ?

ಅದಕ್ಕೇ ಮಾಲು ಮಾರಿದ ವರ್ಷವೇ, ಇದರಲ್ಲಿ ಎಷ್ಟು ಬರಲಿಕ್ಕಿಲ್ಲ ಅಂತ ಅಂದಾಜು ಹಾಕಿ ಖರ್ಚು ಬರೆಯಬೇಕು. ಬಾಕಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸು. ಈ ಹಂಗಾಮಿನದು 7 ಲಕ್ಷ ಇದ್ದರೆ ಅದರಲ್ಲಿ ಶೇ. 2, ಅಂದರೆ 14,000 ಬರಲಿಕ್ಕಿಲ್ಲ ಅಂತ ಹಿಡಿ. ಹೋದ ಹಂಗಾಮಿನ 3 ಲಕ್ಷಕ್ಕೆ ಶೇ. 10, 30,000. ವರ್ಷ ದಾಟಿದ ಒಂದೂವರೆ ಲಕ್ಷಕ್ಕೆ ಶೇ. 40, 60,000. ಎರಡು ವರ್ಷ ದಾಟಿದ 50,000 ಪೂರ್ತಿ. ಒಟ್ಟು 1,54,000. ಇಷ್ಟನ್ನು ಖರ್ಚಿಗೆ ಹಾಕಿ ಪ್ರಾವಿಷನ್ ಖಾತೆಗೆ, ಅಂದರೆ ಮುಳುಗಬಹುದಾದ ಬಾಕಿಗೆ ಅಂತ ಮುಂಚೆಯೇ ತೆಗೆದಿಡುವ ಖಾತೆಗೆ, ಜಮಾ ಮಾಡು. ಬ್ಯಾಲೆನ್ಸ್ ಶೀಟಿನಲ್ಲಿ ಬಾಕಿ 10,46,000 ಅಂತ ನಿಲ್ಲುತ್ತದೆ. ಮುಂದಿನ ವರ್ಷ ಹೊಸದಾಗಿ ಅಂದಾಜು ಹಾಕಿ ವ್ಯತ್ಯಾಸ ಮಾತ್ರ ಬರೆದರೆ ಸಾಕು. ಶೇಕಡಾ ನಾನು ಸುಮ್ನೆ ಉದಾಹರಣೆಗೆ ಹೇಳಿದ್ದು. ನಿಮ್ಮಪ್ಪನ ಹಳೇ ಖಾತೆ ಪುಸ್ತಕ ತೆಗೆದು ನೋಡು, ಯಾವ ವರ್ಷದ ಉದ್ರಿಯಲ್ಲಿ ಎಷ್ಟು ಮುಳುಗಿತು ಅಂತ ಅಲ್ಲೇ ಸಿಗುತ್ತದೆ. ಬೀಗರ ಬಾಕಿಯನ್ನು ದಾಕ್ಷಿಣ್ಯಕ್ಕೆ ಹೊರಗಿಡಬೇಡ, ನಮ್ಮಲ್ಲಿ ಜಾಸ್ತಿ ನಿಲ್ಲುವುದೇ ಅದು.

ಇನ್ನು ಬರುವುದೇ ಇಲ್ಲ ಅಂತ ಖಾತ್ರಿಯಾದರೆ ಆ ಗಿರಾಕಿಯ ಖಾತೆಯಿಂದಲೇ ರೈಟ್ ಆಫ್ ಮಾಡು, ಅಂದರೆ ಬಾಕಿಯನ್ನು ಪುಸ್ತಕದಿಂದ ಬರೆದು ತೆಗೆ. ಪ್ರಾವಿಷನ್‌ನಿಂದ ಕಳೆದರೆ ಆ ವರ್ಷದ ಲಾಭಕ್ಕೆ ಮತ್ತೆ ಪೆಟ್ಟು ಬೀಳುವುದಿಲ್ಲ. ಹೀಗೆ ಮಾಡಿದರೆ ಸಾಲ ಬಿಟ್ಟುಕೊಟ್ಟ ಹಾಗೆ ಅಂತ ನಿಮ್ಮಮ್ಮ ಹೆದರುತ್ತಾಳೆ. ಹಾಗಲ್ಲ. ಕೇಳುವ ಹಕ್ಕು ಇದ್ದೇ ಇರುತ್ತದೆ. ಮುಂದೆ ಎಂದಾದರೂ ಬಂದರೆ ಆ ವರ್ಷದ ಆದಾಯ ಅಂತ ತೋರಿಸಬೇಕು ಅಷ್ಟೆ.

ಇನ್‌ಕಮ್ ಟ್ಯಾಕ್ಸ್‌ನಲ್ಲಿ ಅಂದಾಜಿನ ಪ್ರಾವಿಷನ್‌ಗೆ ನಮ್ಮಂಥ ವ್ಯಾಪಾರಿಗಳಿಗೆ ಕಡಿತ ಇಲ್ಲ, ಪುಸ್ತಕದಲ್ಲಿ ನಿಜವಾಗಿ ರೈಟ್ ಆಫ್ ಮಾಡಿದ್ದಕ್ಕೆ ಮಾತ್ರ. ಸಾಲ ಮುಳುಗಿದೆ ಅಂತ ಸಾಬೀತು ಮಾಡಬೇಕಿಲ್ಲ, ಬರೆದು ತೆಗೆದಿದ್ದರೆ ಸಾಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೆ ಬಿಲ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ಲ. ದುಡ್ಡು ಬಂದಿಲ್ಲ ಅಂತ ಕ್ರೆಡಿಟ್ ನೋಟ್ (ಬಿಲ್ ಮೊತ್ತ ಇಳಿಸುವ ಚೀಟಿ) ಹಾಕೋಕೆ ಅವಕಾಶವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ. ಉದ್ರಿಗೆ ದಾವೆ ಹಾಕಲು ಸಾಮಾನ್ಯವಾಗಿ ಮೂರೇ ವರ್ಷ ಅವಧಿ. ಅದು ಮುಗಿಯುವ ಮೊದಲೇ "ಇಷ್ಟು ಕೊಡುವುದಿದೆ" ಅಂತ ಬರೆಸಿ ಸಹಿ, ತಾರೀಖು ಹಾಕಿಸಿಕೊಂಡರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಭತ್ತದ ಲೋಡು ಹೊರಟಾಗ ಗಿರಾಕಿ ಅಂಗಡಿಗೆ ಬಂದೇ ಬರುತ್ತಾನೆ, ಚಹಾ ಕೊಟ್ಟು ಆಗಲೇ ಸಹಿ ಮಾಡಿಸಿಕೋ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರ್ಚ್ 31ರೊಳಗೆ ಹೊಸ ಪಟ್ಟಿ ಮಾಡಿ ಕಳಿಸು. ಎರಡು ವರ್ಷ ದಾಟಿದ ಹೆಸರುಗಳನ್ನು ಮೇಲೆ ಬರೆ, ಅವನ್ನು ಮೊದಲು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ
ಗಂಗಾವತಿ