ನ್ಯಾಯಮೂರ್ತಿಗಳ ಕಡತ ಮತ್ತು ನಿವೃತ್ತಿಯ ನಂತರದ ಕುರ್ಚಿ: ಕೇಂದ್ರ ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕಾರ್ಕಳದ ಕಡೆಯ ಕೆ.ಎಸ್. ಹೆಗ್ಡೆ ಅವರ ಹೆಸರು ನಿಮಗೆ ಗೊತ್ತಿರುತ್ತದೆ. 1952ರಿಂದ ಐದು ವರ್ಷ ಅವರು ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಹತ್ತು ವರ್ಷಕ್ಕೆ ಸುಪ್ರೀಂ ಕೋರ್ಟ್ ತಲುಪಿದರು. ಇಂಥವರು ತಮ್ಮ ಹಳೇ ಪಕ್ಷದ ಪರವೇ ಇರುತ್ತಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಆದದ್ದು ಬೇರೆ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ್ದ ಮೊಕದ್ದಮೆ ಅದು. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತೂ ಕೈಹಾಕುವಂತಿಲ್ಲ ಎಂದರು ಏಳು ಮಂದಿ. ಆರು ಮಂದಿ ಒಪ್ಪಲಿಲ್ಲ. ಆ ಏಳರಲ್ಲಿ ಹೆಗ್ಡೆಯವರೂ ಇದ್ದರು. ಮರುದಿನವೇ ಇಂದಿರಾ ಗಾಂಧಿ ಸರ್ಕಾರ ಶೆಲಾಟ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. 1977ರಲ್ಲಿ ಎಚ್.ಆರ್. ಖನ್ನಾ ಅವರಿಗೂ ಹೀಗೇ ಆಯಿತು. ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹಾಕಿದವರ ಹಕ್ಕಿನ ಪರವಾಗಿ ಐವರಲ್ಲಿ ಒಬ್ಬರೇ ನಿಂತಿದ್ದರು ಅವರು.

ಹೆಗ್ಡೆಯವರನ್ನು ನೆನೆದಾಗಲೆಲ್ಲ ನನಗೆ ಧೈರ್ಯ ಬರುತ್ತದೆ. ನೇಮಿಸಿದವರ ಋಣ ತೀರಿಸಲೇಬೇಕು ಅಂತೇನೂ ಇಲ್ಲ. ಆದರೆ ನೆಟ್ಟಗೆ ನಿಂತವರಿಗೆ ಏನಾಯಿತು ಎನ್ನುವುದನ್ನು ಅವರ ಹಿಂದೆ ಬಂದವರೆಲ್ಲ ನೋಡಿದ್ದಾರೆ. ನನ್ನ ಆತಂಕ ಅದೇ.

ಈಗ ಹಾಗೆ ಬಹಿರಂಗವಾಗಿ ಯಾರನ್ನೂ ದಾಟಿಹೋಗುವುದಿಲ್ಲ. 1993ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ನ್ಯಾಯಮೂರ್ತಿಗಳ ಹೆಸರು ಸೂಚಿಸುವುದು ಕೊಲಿಜಿಯಂ, ಅಂದರೆ ಸುಪ್ರೀಂ ಕೋರ್ಟಿನ ಅತಿ ಹಿರಿಯ ನ್ಯಾಯಮೂರ್ತಿಗಳ ಕೂಟ. ಸರ್ಕಾರದ ಕೈಯಲ್ಲಿ ಉಳಿದಿರುವುದು ಆ ಹೆಸರುಗಳ ಕಡತ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆಂದು ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಅವರ ಹೆಸರು ಸರ್ಕಾರಕ್ಕೆ ಹೋಯಿತು. ಉತ್ತರಾಖಂಡದಲ್ಲಿ ಕೇಂದ್ರ ಹೇರಿದ್ದ ರಾಷ್ಟ್ರಪತಿ ಆಳ್ವಿಕೆಯನ್ನು 2016ರಲ್ಲಿ ರದ್ದು ಮಾಡಿದ್ದ ಪೀಠದಲ್ಲಿ ಇದ್ದವರು ಅವರು. ಏಪ್ರಿಲ್‌ನಲ್ಲಿ ಸರ್ಕಾರದಿಂದ ಹೆಸರು ವಾಪಸ್ ಬಂತು. ಕೊಲಿಜಿಯಂ ಮತ್ತೆ ಕಳಿಸಿತು. ಪ್ರಮಾಣವಚನ ಆದದ್ದು ಆಗಸ್ಟ್‌ನಲ್ಲಿ, ಅದೂ ಆ ದಿನದ ಮೂವರಲ್ಲಿ ಕೊನೆಯವರಾಗಿ. ಆ ತೀರ್ಪಿಗೂ ಇದಕ್ಕೂ ಸಂಬಂಧ ಇಲ್ಲ ಎಂದು ಸರ್ಕಾರ ಹೇಳಿತು. ಇರಲಿ. ಆದರೆ ಸುಪ್ರೀಂ ಕೋರ್ಟಿನಲ್ಲಿ ಎಲ್ಲವೂ ಹಿರಿತನದ ಮೇಲೆ ನಡೆಯುತ್ತದೆ. ಕೊಲಿಜಿಯಂಗೆ ಯಾರು ಬರುತ್ತಾರೆ, ಮುಖ್ಯ ನ್ಯಾಯಮೂರ್ತಿ ಯಾರು ಆಗುತ್ತಾರೆ, ಎಲ್ಲವೂ. ಒಂದು ಕಡತವನ್ನು ಸುಮ್ನೆ ಇಟ್ಟುಕೊಂಡರೂ ಸಾಕು, ಸಾಲು ಬದಲಾಗುತ್ತದೆ.

ಕೊಲಿಜಿಯಂ ಬಾಗಿಲು ಮುಚ್ಚಿಕೊಂಡು ಕೆಲಸ ಮಾಡುತ್ತದೆ ಎಂಬ ನಿಮ್ಮ ದೂರನ್ನು ನಾನೂ ಒಪ್ಪುತ್ತೇನೆ. ಆದರೆ ಅದರ ಬದಲಿಗೆ ತಂದ ನೇಮಕಾತಿ ಆಯೋಗದಲ್ಲಿ ಆರು ಮಂದಿಯ ಪೈಕಿ ಯಾರೇ ಇಬ್ಬರು ಬೇಡ ಎಂದರೆ ಹೆಸರು ಬಿದ್ದುಹೋಗುತ್ತಿತ್ತು. ಕಾನೂನು ಸಚಿವರೂ ಆ ಆರರಲ್ಲಿ ಒಬ್ಬರು. 2015ರಲ್ಲಿ ಕೋರ್ಟ್ ಅದನ್ನು ರದ್ದು ಮಾಡಿದ್ದು ಸರಿ ಎಂದೇ ನನ್ನ ಅನಿಸಿಕೆ.

ಇದಕ್ಕಿಂತ ಜಾಸ್ತಿ ಕಾಡುವುದು ನಿವೃತ್ತಿಯ ನಂತರದ ಕುರ್ಚಿ. 1983ರಲ್ಲಿ ಬಹರುಲ್ ಇಸ್ಲಾಂ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು, ಅದೇ ವರ್ಷ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 2020ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ರಂಜನ್ ಗೊಗೊಯ್ ಅವರನ್ನು ನಿವೃತ್ತಿಯಾದ ನಾಲ್ಕೇ ತಿಂಗಳಿಗೆ ರಾಜ್ಯಸಭೆಗೆ ನಾಮನಿರ್ದೇಶನ ಮಾಡಲಾಯಿತು. ಯಾರ ತೀರ್ಪಿನ ಪ್ರಾಮಾಣಿಕತೆಯನ್ನೂ ನಾನು ಅಳೆಯಲು ಹೊರಟಿಲ್ಲ. ಆದರೆ ಸೋತು ಹೊರಬಂದ ಕಕ್ಷಿದಾರನ ಜಾಗದಲ್ಲಿ ಒಂದು ಕ್ಷಣ ನಿಂತು ನೋಡಿ. ಅವನ ಮನಸ್ಸಿನಲ್ಲಿ ಸಂಶಯ ಹುಟ್ಟುವುದು ತಪ್ಪೇ?

ನ್ಯಾಯಮೂರ್ತಿಗಳು ಮುಂದೆ ಸರ್ಕಾರಿ ಹುದ್ದೆ ಹಿಡಿಯಬಾರದು ಎಂಬ ಸಲಹೆ 1949ರಲ್ಲೇ ಸಂವಿಧಾನ ಸಭೆಯಲ್ಲಿ ಬಂದಿತ್ತು. ಕೆ.ಟಿ. ಶಾ ಅವರದ್ದು. ಕೋರ್ಟಿಗೆ ಬರುವ ವ್ಯಾಜ್ಯಗಳಲ್ಲಿ ಸರ್ಕಾರದ ಹಿತಾಸಕ್ತಿ ತೀರಾ ಕಡಿಮೆ ಎಂದು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂದಿನ ಮಾತು ಅದು. ಇಂದು ದೇಶದ ಅತಿ ದೊಡ್ಡ ಕಕ್ಷಿದಾರ ಸರ್ಕಾರವೇ. ಮಹಾಲೇಖಪಾಲರು ನಿವೃತ್ತಿಯ ನಂತರ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ, ಸಂವಿಧಾನದ 148ನೇ ವಿಧಿಯೇ ಹಾಗೆ ಹೇಳುತ್ತದೆ. ಲೆಕ್ಕ ನೋಡುವವರಿಗೆ ಇರುವ ಈ ಕಟ್ಟುಪಾಡು ನ್ಯಾಯ ನೋಡುವವರಿಗೆ ಯಾಕೆ ಬೇಡ?

ಎರಡೇ ಬೇಡಿಕೆ. ಕೊಲಿಜಿಯಂ ಕಳಿಸಿದ ಹೆಸರಿಗೆ ಆರು ವಾರದೊಳಗೆ ಲಿಖಿತ ಉತ್ತರ ಕೊಡಬೇಕೆಂಬ ನಿಯಮ ತನ್ನಿ. ನಿವೃತ್ತರಾದ ನ್ಯಾಯಮೂರ್ತಿಗಳಿಗೆ ಕನಿಷ್ಠ ಮೂರು ವರ್ಷ ರಾಜ್ಯಪಾಲರ ಹುದ್ದೆಯಾಗಲಿ ಸಂಸತ್ತಿನ ಸ್ಥಾನವಾಗಲಿ ಬೇಡ ಎಂಬ ಮಸೂದೆ ಮಂಡಿಸಿ. ಬರುವ ಅಧಿವೇಶನದಲ್ಲೇ ಇದನ್ನು ಶುರು ಮಾಡುತ್ತೀರಾ?

ಇಂತಿ,
ಒಬ್ಬ ಮತದಾರ