ನಡುವಿನ ಎರಡೂವರೆ ವರ್ಷದ ಕಾಗದಗಳನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ಗಣರಾಜ್ಯೋತ್ಸವದ ಭಾಷಣಗಳು 1947ರ ಆಗಸ್ಟ್ 15ರಿಂದ ನೇರ 1950ರ ಜನವರಿ 26ಕ್ಕೆ ಜಿಗಿಯುತ್ತವೆ. ನಡುವೆ ದೇಶ ಯಾವ ಕಾನೂನಿನ ಮೇಲೆ ನಡೆಯಿತು ಅಂತ ಹೇಳುವವರು ಕಡಿಮೆ.

ಆಗ ನಮ್ಮ ಕೈಲಿದ್ದದ್ದು ಬ್ರಿಟಿಷ್ ಸಂಸತ್ತು ಮಾಡಿದ ಎರಡು ಕಾಯ್ದೆ. ಒಂದು, 1947ರ ಭಾರತ ಸ್ವಾತಂತ್ರ್ಯ ಕಾಯ್ದೆ. ಇನ್ನೊಂದು, 1935ರ ಭಾರತ ಸರ್ಕಾರ ಕಾಯ್ದೆ. ಹಳೇ ಅಂಗಿಗೆ ತೇಪೆ ಹಾಕಿದ ಹಾಗೆ ಅದನ್ನೇ ಅಲ್ಲಲ್ಲಿ ತಿದ್ದಿ ಬಳಸಿದರು. ಸಂವಿಧಾನ ರಚನಾ ಸಭೆಯೇ ಸಂಸತ್ತಿನ ಕೆಲಸವನ್ನೂ ಮಾಡುತ್ತಿತ್ತು. ಬ್ರಿಟಿಷ್ ದೊರೆಯ ಪ್ರತಿನಿಧಿಯಾದ ಗವರ್ನರ್ ಜನರಲ್ ಹುದ್ದೆಯೂ ಉಳಿದಿತ್ತು. ಅದರಲ್ಲಿ ಕೊನೆಗೆ ಕೂತವರು ರಾಜಾಜಿ (ಸಿ. ರಾಜಗೋಪಾಲಾಚಾರಿ). ಆ ಎರಡೂ ಕಾಯ್ದೆಗಳನ್ನು ರದ್ದು ಮಾಡಿದ್ದು ನಮ್ಮ ಸಂವಿಧಾನದ 395ನೇ ವಿಧಿ. ಎಂಥ ಗಟ್ಟಿ ಮಾತು ಅದು! ಆದರೆ ಪ್ರಸ್ತಾವನೆ ಓದಿದಷ್ಟು ಯಾರೂ ಅದನ್ನು ಓದುವುದಿಲ್ಲ.

ನಮ್ಮ ಭಾಗದ ಕಥೆ ಇನ್ನೂ ಸ್ವಾರಸ್ಯ. ಬಾಗಲಕೋಟೆ ಊರು ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿತ್ತು. ಅತ್ತ ಜಮಖಂಡಿ, ಮುಧೋಳದಲ್ಲಿ ಸಂಸ್ಥಾನಿಕರ ಆಡಳಿತ. ಅವರು ಮೊದಲು ಭಾರತಕ್ಕೆ ಸೇರುತ್ತೇವೆ ಎಂಬ ಸೇರ್ಪಡೆ ಪತ್ರಕ್ಕೆ, ಆಮೇಲೆ ಆಡಳಿತವನ್ನೇ ಬಿಟ್ಟುಕೊಡುವ ವಿಲೀನ ಒಪ್ಪಂದಕ್ಕೆ ಸಹಿ ಹಾಕಿದರು. 1948ರಲ್ಲಿ ಅವೂ ಮುಂಬೈ ಪ್ರಾಂತ್ಯಕ್ಕೆ ಸೇರಿದವು. ಇಂದು ಈ ಮೂರೂ ಊರು ಒಂದೇ ಬಾಗಲಕೋಟೆ ಜಿಲ್ಲೆಯಲ್ಲಿವೆ, ಅಲ್ವಾ? ಶಾಲೆಯ ಹುಡುಗರಿಗೆ ಇದು ಗೊತ್ತೇ ಇಲ್ಲ.

ಬರುವ ಜನವರಿಯಲ್ಲಿ ಜಿಲ್ಲಾಡಳಿತ ಸುಮ್ನೆ ಪಥಸಂಚಲನಕ್ಕೆ ನಿಲ್ಲಬಾರದು. ಈ ಕಾಯ್ದೆಗಳ, ಸೇರ್ಪಡೆ ಪತ್ರಗಳ ನಕಲುಗಳನ್ನು ತರಿಸಿ, ಕನ್ನಡದಲ್ಲಿ ಸಣ್ಣ ವಿವರಣೆ ಬರೆಸಿ ತಾಲ್ಲೂಕು ಗ್ರಂಥಾಲಯಗಳಲ್ಲಿ ಇಡಲಿ. ಖರ್ಚೇನೂ ಜಾಸ್ತಿ ಆಗುವುದಿಲ್ಲ.

– ಓದುಗ, ಜಮಖಂಡಿ